ಕಾಂದಿವಲಿಯ ಜೀಪು: ಮಾರ್ಪಾಡಿನ ಚರಿತ್ರೆ ಮತ್ತು ವಿವೇಕ

ಹೊಸದಾಗಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡವರನ್ನು ಬಂಧುಮಿತ್ರರು ಇಂದು ಮೊದಲು ಕೇಳುವುದು ಅದರ ಬೆಲೆಯನ್ನಲ್ಲ, 'ಏನೇನು ಹಾಕಿಸಿದಿರಿ?' ಎಂದು ಕೇಳುತ್ತಾರೆ. ದಪ್ಪ ಟೈರು, ಎತ್ತರಿಸಿದ ಸಸ್ಪೆನ್ಷನ್, ಮುಂಭಾಗಕ್ಕೆ ಕಬ್ಬಿಣದ ಬಂಪರು, ಬಾನೆಟ್ಟಿನ ಪಕ್ಕದಿಂದ ಮೇಲೇರುವ ಗಾಳಿಯ ಕೊಳವೆ – ಇವಿಲ್ಲದ ಗಾಡಿ ಅಪೂರ್ಣವೆಂಬ ಭಾವನೆ ಬೇರೂರಿದೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಕಾಲುದಾರಿಗಳನ್ನು ಹುಡುಕಿ ಹೊರಡುವವರಿಗೂ ಘಟ್ಟದ ರಸ್ತೆಗಳಲ್ಲಿ ಊರಿಗೆ ಹೋಗಿ ಬರುವವರಿಗೂ ಇದು ನಿಜವಾದ ಪ್ರಶ್ನೆಯೇ. ಅಂಗಡಿಯವರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ, ಆರ್‌ಟಿಒ ಕಚೇರಿ ಇನ್ನೊಂದನ್ನು ಕೊಡುತ್ತದೆ. ಚರಿತ್ರೆಯೂ ಒಂದು ಉತ್ತರ ಕೊಡಬಲ್ಲದು. ಅದನ್ನು ಅರಸಿ ನಾವು ಬಹುದೂರ ಹೋಗಬೇಕಿಲ್ಲ. ಕಾಂದಿವಲಿ ಪೂರ್ವದ ಆಕುರ್ಲಿ ರಸ್ತೆಯ ಮಹೀಂದ್ರ ಕಾರ್ಖಾನೆಯ ಕಥೆಯಲ್ಲಿಯೇ ಅದು ಅಡಗಿದೆ.

ಕಥೆಯ ಮೊದಲ ಅಧ್ಯಾಯ ಮಾತ್ರ ಅಮೆರಿಕದ್ದು. 1940ರಲ್ಲಿ ಅಲ್ಲಿನ ಸೇನೆ ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿಯೊಂದನ್ನು ಬಯಸಿ 135 ಕಂಪನಿಗಳಿಗೆ ಕರೆ ಕಳುಹಿಸಿತು. ಅದು ಮೊದಲು ವಿಧಿಸಿದ ತೂಕದ ಮಿತಿ 1,300 ಪೌಂಡು, ಎಂದರೆ ಸುಮಾರು 590 ಕಿಲೋ. ಬ್ಯಾಂಟಮ್ ಕಂಪನಿ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು; ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಬೆನ್ನಿಗೇ ಬಂದವು. ಆ ತೂಕದಲ್ಲಿ ಅಷ್ಟು ಗಟ್ಟಿಯಾದ ಗಾಡಿಯನ್ನು ಕಟ್ಟುವುದು ಅಸಾಧ್ಯವೆಂದು ಬೇಗನೆ ಮನವರಿಕೆಯಾಗಿ ಮಿತಿಯನ್ನು 2,160 ಪೌಂಡಿಗೆ ಏರಿಸಲಾಯಿತು. ಯುದ್ಧಕ್ಕೆ ಹೋದ ವಿಲ್ಲೀಸ್ ಎಂಬಿ ಕೊನೆಗೆ ಅದನ್ನೂ ಮೀರಿತು. ಆದರೂ ಕೆಸರಿನಲ್ಲಿ ಹೂತ ಜೀಪನ್ನು ಸೈನಿಕರು ಕೈಯಿಂದಲೇ ಎತ್ತಿ ದಡಕ್ಕೆ ತರಬಹುದಾಗಿತ್ತು. ಜೀಪಿನ ಕೀರ್ತಿಗೆ ಮೂಲ ಅದರ ಶಕ್ತಿಯಲ್ಲ, ಅದರ ಹಗುರತನ ಎಂಬುದನ್ನು ನಾವು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಮುಂದಿನ ಮಾತೆಲ್ಲ ಇದನ್ನೇ ಆಧರಿಸಿದೆ.

ಎರಡನೆಯ ಅಧ್ಯಾಯ ಮುಂಬಯಿಯದು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ ಸಂಸ್ಥೆಯಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರ ಜೊತೆಗೆ ಮಲಿಕ್ ಗುಲಾಮ್ ಮೊಹಮ್ಮದ್ ಪಾಲುದಾರರಾಗಿದ್ದರು. ದೇಶವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಸಂಸ್ಥೆಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲೀಸ್ ಜೀಪುಗಳನ್ನು ಮಝಗಾಂವಿನಲ್ಲಿ ಜೋಡಿಸುವುದರಿಂದ ಅದರ ವಾಹನದ ಕಸುಬು ಆರಂಭವಾಯಿತು. 1954ರಲ್ಲಿ ವಿಲ್ಲೀಸ್ ಜೊತೆಗಿನ ಸಹಯೋಗದಿಂದ ಇಲ್ಲಿಯೇ ಹಂತಹಂತವಾಗಿ ತಯಾರಿಸುವ ದಾರಿ ತೆರೆಯಿತು. ಕಾಂದಿವಲಿಯ ಹೆಸರು ಈ ಚರಿತ್ರೆಯೊಳಗೆ ಗಟ್ಟಿಯಾಗಿ ಸೇರಿದ್ದು 1960ರ ದಶಕದಲ್ಲಿ.

ಇಲ್ಲಿ ಹೆಚ್ಚು ಕಾಲ ಬಾಳಿದ ಮಾದರಿ ಸಿಜೆ-3ಬಿ. ಅದು ಸ್ವತಃ ಒಂದು ಮಾರ್ಪಾಡಿನ ಕೂಸು. ಯುದ್ಧಕಾಲದ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಪಕ್ಕದಲ್ಲಿದ್ದವು. ಅದರ ಬದಲಿಗೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವುಗಳು ಮೇಲಕ್ಕೇರಿದ್ದರಿಂದ ಎಂಜಿನ್ ಎತ್ತರವಾಯಿತು, ಹಳೆಯ ಬಾನೆಟ್ಟಿನೊಳಗೆ ಹಿಡಿಸದಾಯಿತು. ವಿಲ್ಲೀಸಿನವರು ಬಾನೆಟ್ಟನ್ನೂ ಮುಂಭಾಗದ ಜಾಲರಿಯನ್ನೂ ಎತ್ತರಿಸಿದರು. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ, ಅರಣ್ಯ ಇಲಾಖೆಯ ಅಂಗಳಗಳಲ್ಲಿ ಎರಡು ತಲೆಮಾರಿನವರು ಕಂಡ 'ಎತ್ತರದ ಮೂತಿ'ಯ ಜೀಪಿನ ರೂಪಕ್ಕೆ ಇದೇ ಕಾರಣ. ಅಂದಕ್ಕಾಗಿ ಅದನ್ನು ಎತ್ತರಿಸಿದ್ದಲ್ಲ, ಒಳಗಿನ ಅಗತ್ಯ ಹೊರಗಿನ ಆಕಾರವನ್ನು ನಿರ್ಧರಿಸಿತು.

ಮುಂದಿನ ದೊಡ್ಡ ಮಾರ್ಪಾಡಿಗೆ ಕಾಂದಿವಲಿಯೇ ನೆರವಾಯಿತು. ಷಿಕಾಗೋದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಹಯೋಗದಲ್ಲಿ 1963ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಇಲ್ಲಿ ಬಿ-275 ಟ್ರ್ಯಾಕ್ಟರನ್ನು ತಯಾರಿಸುತ್ತಿತ್ತು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲಿನ ಬೆಲೆ ಏರಿದಾಗ ಪೆಟ್ರೋಲ್ ಜೀಪನ್ನು ಸಾಕುವುದು ತೋಟದವರಿಗೂ ಬಾಡಿಗೆಗೆ ಓಡಿಸುವವರಿಗೂ ಹೊರೆಯಾಯಿತು. ಆಗ ಈ ಟ್ರ್ಯಾಕ್ಟರಿನ ಎಂಜಿನ್ ವಂಶದ ಎಂಡಿ-2350 ಡೀಸೆಲ್ ಎಂಜಿನ್ನನ್ನು ಕೂರಿಸಿಕೊಂಡು 1975ರಲ್ಲಿ ಸಿಜೆ-500ಡಿ ಹೊರಬಂದಿತು. ಉಳುವ ಯಂತ್ರದ ಹೃದಯ ಓಡುವ ಯಂತ್ರಕ್ಕೆ ಬಂದಂತಾಯಿತು. ಗಾಡಿಯ ವೇಗ ಕುಗ್ಗಿತು, ಗದ್ದಲ ಹೆಚ್ಚಿತು. ಆದರೆ ಏರಿನಲ್ಲಿ ಭಾರವನ್ನು ನಿಧಾನವಾಗಿ ಎಳೆದೊಯ್ಯುವ ಗುಣ ಬಂದಿತು, ಖರ್ಚು ಇಳಿಯಿತು. ಕಾಳುಮೆಣಸು, ಕಾಫಿ ಚೀಲ, ಗೊಬ್ಬರ ತುಂಬಿದ ಟ್ರೈಲರನ್ನು ಎಳೆಯುವವರಿಗೆ ಬೇಕಾಗಿದ್ದುದೂ ಅಷ್ಟೇ. 1979ರಲ್ಲಿ ಪ್ಯೂಜೋ ಕಂಪನಿಯಿಂದ ಪಡೆದ ಪರವಾನಗಿಯ ಎಕ್ಸ್‌ಡಿಪಿ 4.90 ಎಂಜಿನ್ನು ಮುಂದೆ ಎಂಎಂ-540ಕ್ಕೆ ಬಂದಿತು. ಜೀಪು ಹೀಗೆ ದಶಕದಿಂದ ದಶಕಕ್ಕೆ ಬದಲಾಗುತ್ತಲೇ ಹೋಯಿತು.

ಈ ಚರಿತ್ರೆಯನ್ನು ಮುಂದಿಟ್ಟು 'ಜೀಪೆಂಬುದೇ ಮಾರ್ಪಾಡಿನ ಗಾಡಿ, ಹಾಗಿರುವಾಗ ನಾವು ಮಾಡಿಸಿದರೆ ತಪ್ಪೇನು?' ಎಂದು ವಾದಿಸುವವರಿದ್ದಾರೆ. ವಾದ ಆಕರ್ಷಕವಾಗಿದೆ, ಆದರೆ ಅದು ಚರಿತ್ರೆಯನ್ನು ಅರ್ಧ ಮಾತ್ರ ಓದುತ್ತದೆ. ಬಾಳಿದ ಮಾರ್ಪಾಡುಗಳಿಗೆಲ್ಲ ಎರಡು ಲಕ್ಷಣಗಳಿದ್ದವು. ಇಂಧನ, ಹೊರೆ, ದಾರಿ – ಇವುಗಳಲ್ಲಿ ಯಾವುದೋ ಒಂದರ ಸ್ಪಷ್ಟ ಅಗತ್ಯದಿಂದ ಅವು ಹುಟ್ಟಿದ್ದವು. ಒಂದು ಅಂಗವನ್ನು ಬದಲಿಸಿದಾಗ ಅದಕ್ಕೆ ಹೊಂದುವ ಉಳಿದ ಅಂಗಗಳನ್ನೂ ಬದಲಿಸಲಾಗಿತ್ತು: ಎಂಜಿನ್ ಎತ್ತರವಾದರೆ ಬಾನೆಟ್ಟೂ ಎತ್ತರವಾಯಿತು.

ಇಂದಿನ ಗ್ಯಾರೇಜು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧ. ಅದು ಒಂದನ್ನು ಬದಲಿಸಿ ಉಳಿದುದನ್ನು ಇದ್ದಂತೆ ಬಿಡುತ್ತದೆ. ಸಸ್ಪೆನ್ಷನ್ ಎತ್ತರಿಸಿದರೆ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಬದಲಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ದೊಡ್ಡ ಟೈರು ನೆಲದಿಂದ ಎತ್ತರವನ್ನು ಕೊಡುತ್ತದೆಯಾದರೂ ಗೇರಿನ ಎಳೆತವನ್ನು ಕಸಿದುಕೊಳ್ಳುತ್ತದೆ, ಬ್ರೇಕಿಗೆ ಹೆಚ್ಚಿನ ಹೊರೆ ಹೊರಿಸುತ್ತದೆ, ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ವೇಗ ತೋರಿಸುವಂತೆ ಮಾಡುತ್ತದೆ. ಕಬ್ಬಿಣದ ಬಂಪರು, ಮೇಲಿನ ಕ್ಯಾರಿಯರು, ವಿಂಚು ಎಲ್ಲವೂ ತೂಕವೇ. ಸೇನೆಯ ಎಂಜಿನಿಯರರು ಒಂದೊಂದು ಪೌಂಡಿಗೂ ಲೆಕ್ಕವಿಟ್ಟು ಸಾಧಿಸಿದ ಗುಣವನ್ನು ನಾವು ಹಣ ತೆತ್ತು ಕಳೆದುಕೊಳ್ಳುತ್ತೇವೆ.

ನಷ್ಟ ಮಾಲೀಕನೊಬ್ಬನದೇ ಆಗಿದ್ದರೆ ಅದು ಅವನ ಇಷ್ಟವೆಂದು ಬಿಡಬಹುದಿತ್ತು. ಗಟ್ಟಿ ಬಂಪರು ಅಪಘಾತದ ಹೊಡೆತವನ್ನು ಗಾಡಿ ತಾನೇ ನಜ್ಜುಗುಜ್ಜಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಏರ್‌ಬ್ಯಾಗಿನ ಸೆನ್ಸರುಗಳಿಗೆ ಅಡ್ಡಿಯಾಗಬಹುದು. ಎದುರು ಸಿಕ್ಕ ಪಾದಚಾರಿಗೆ ಮಾರಕವಾಗಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಇಂತಹ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿತು. ಕಾನೂನಿನ ನಿಲುವೂ ಕ್ರಮೇಣ ಬಿಗಿಯಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು 2000ದಲ್ಲಿ ತಿದ್ದಿದ ಮೇಲೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಅಂಗವಿಕಲರ ಅನುಕೂಲಕ್ಕಾಗಿ ಗಾಡಿಯನ್ನು ಹೊಂದಿಸಿಕೊಳ್ಳುವುದಕ್ಕೆ ಮಾತ್ರ ಅದೇ ತಿದ್ದುಪಡಿ ಉದಾರವಾಗಿ ದಾರಿ ಮಾಡಿಕೊಟ್ಟಿತು. ಕಾನೂನು ಕೂಡ ಅಗತ್ಯವನ್ನೂ ಶೋಕಿಯನ್ನೂ ಬೇರ್ಪಡಿಸಿ ನೋಡಿದೆ ಎಂದೇ ನಾವು ತಿಳಿಯುತ್ತೇವೆ.

ಇಂದಿನ ಕೊಳ್ಳುವವರ ಸ್ಥಿತಿ 1975ರವರದಂತಿಲ್ಲ ಎಂಬುದನ್ನೂ ಮರೆಯಬಾರದು. 2020ರ ಥಾರ್ ಕಾರ್ಖಾನೆಯಿಂದ ಹೊರಬರುವಾಗಲೇ ನೆಲದಿಂದ 226 ಮಿಲಿಮೀಟರ್ ಎತ್ತರವಿತ್ತು. 650 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲದಾಗಿತ್ತು. ಅದರ ಡೀಸೆಲ್ ಮಾದರಿಗಳಲ್ಲಿ ತಾನಾಗಿ ಬಿಗಿದುಕೊಳ್ಳುವ ಹಿಂಬದಿಯ ಡಿಫರೆನ್ಷಿಯಲ್ ದೊರೆಯುತ್ತಿತ್ತು. ಹಿಂದೆ ಮಾಲೀಕ ಗ್ಯಾರೇಜಿನಲ್ಲಿ ಹುಡುಕುತ್ತಿದ್ದ ಬಹುಪಾಲನ್ನು ತಯಾರಕರೇ ಅಳೆದು, ಪರೀಕ್ಷಿಸಿ, ಹೊಂದಿಸಿ ಕೊಟ್ಟಿದ್ದಾರೆ. ಇತ್ತ ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ, ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ನೋಡಿದರೆ, ದಾರಿಯ ಒಂದೊಂದು ಕಲ್ಲನ್ನೂ ಬಲ್ಲ ಚಾಲಕರ ಕೈಚಳಕವೇ ದೊಡ್ಡ ಸಲಕರಣೆ ಎಂಬುದು ತಿಳಿಯುತ್ತದೆ.

ಆದ್ದರಿಂದ ನಿರ್ಧಾರಕ್ಕೆ ನಾವು ಸೂಚಿಸುವ ಕ್ರಮ ಇಷ್ಟು. ಗಾಡಿಯನ್ನು ಮೊದಲು ಇದ್ದಂತೆಯೇ ಒಂದು ಮಳೆಗಾಲ ಓಡಿಸಿ, ಅದು ಎಲ್ಲಿ ಸೋತಿತೆಂದು ಬರೆದಿಡಬೇಕು. ಸೋತದ್ದು ಹಿಡಿತದಲ್ಲಾದರೆ ಆ ಮಾದರಿಗೆ ತಯಾರಕರು ಒಪ್ಪಿದ ಅಳತೆಯಲ್ಲೇ ಒಳ್ಳೆಯ ಟೈರು ಹಾಕಿಸಬೇಕು. ಹೂತುಹೋದದ್ದಾದರೆ ಎಳೆಯುವ ಪಟ್ಟಿ, ಗುದ್ದಲಿ, ಗಾಳಿ ತುಂಬುವ ಪಂಪು ಸಾಕು, ಇವನ್ನು ಆರ್.ಸಿ.ಯಲ್ಲಿ ನಮೂದಿಸಬೇಕಿಲ್ಲ. ಸೋತದ್ದು ಚಾಲಕನಾದರೆ ಹಣವನ್ನು ತರಬೇತಿಗೆ ಮೀಸಲಿಡಬೇಕು. ಇಷ್ಟರ ಮೇಲೂ ಅಗತ್ಯ ಉಳಿದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆಯೊಡನೆ ಮುಂದುವರಿಯಬೇಕು. ಹಾಗೆ ಪಟ್ಟಿ ಮಾಡಿದವರ ಬಳಿ ವರ್ಷದ ಕೊನೆಗೆ ಹಾಕಿಸಬೇಕಾದ ಸಾಮಾನುಗಳಿಗಿಂತ ಬೇಡವಾದ ಸಾಮಾನುಗಳ ಪಟ್ಟಿಯೇ ಉದ್ದವಾಗಿರುತ್ತದೆ.