ಹಿತ್ತಲಿನ ಕೋಳಿಗೂಡು

ನಮ್ಮ ಚರಿತ್ರಕಾರರು ಅರಸರ ಆನೆಗಳನ್ನು ಎಣಿಸಿದ್ದಾರೆ, ಕುದುರೆಗಳನ್ನು ಎಣಿಸಿದ್ದಾರೆ. ಹಿತ್ತಲಿನ ಕೋಳಿಗಳನ್ನು ಎಣಿಸಿದವರು ವಿರಳ. ಕಲ್ಲು ನೆಡುವವರ ಮನಸ್ಸೂ ಹೀಗೆಯೇ ಇದ್ದಿತು. ಮದ್ದೂರಿನ ಸೀಮೆಯ ಆತಕೂರಿನಲ್ಲಿ, ಕ್ರಿ. ಶ. 949-50ರ ಸುಮಾರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ತಮಿಳುನಾಡಿನ ಅರಸಲಾಪುರಂನಲ್ಲಿ ಕಾಳಗದ ಹುಂಜವೊಂದಕ್ಕೂ ಅಂಥ ಗೌರವ ದೊರಕಿದೆ. ಆದರೆ ಮೊಟ್ಟೆಯಿಟ್ಟು, ಕಾವು ಕುಳಿತು, ಮರಿಗಳನ್ನು ಸಲಹಿ, ಮನೆಯ ಉಪ್ಪು ಎಣ್ಣೆಗಳಿಗೆ ಒದಗಿ ಬಂದ ಹೇಂಟೆಗೆ ನೆಟ್ಟ ಕಲ್ಲನ್ನು ನಾನು ಕಂಡಿಲ್ಲ. ಆ ಹೇಂಟೆಯನ್ನೂ ಅದರ ಗೂಡನ್ನೂ ಕುರಿತು ಈಗ ನಾಲ್ಕು ಮಾತು.

ಕೋಳಿ ನಮ್ಮ ಹಿತ್ತಲಿಗೆ ಬಂದದ್ದು ಎಲ್ಲಿಂದ? ಸಿಂಧೂ ಕಣಿವೆಯ ನಗರಗಳಲ್ಲಿಯೇ ಅದನ್ನು ಮೊದಲು ಪಳಗಿಸಿದರೆಂದು ಬಹುಕಾಲ ನಂಬಲಾಗಿತ್ತು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹಳೆಯ ಎಲುಬುಗಳನ್ನು ಮರುಪರೀಕ್ಷಿಸಿ, ನಿಸ್ಸಂದೇಹವಾಗಿ ಸಾಕುಕೋಳಿಯದೆನ್ನಬಹುದಾದ ಅತ್ಯಂತ ಹಳೆಯ ಕುರುಹು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿಯದು, ಕ್ರಿ. ಪೂ. 1650ರಿಂದ 1250ರ ನಡುವಿನದು ಎಂದು ಹೇಳಿತು. ಭತ್ತ ಮತ್ತು ಕಿರುಧಾನ್ಯಗಳ ಕಣಕ್ಕೆ ಕಾಳು ಹೆಕ್ಕಲು ಬಂದ ಕೆಂಪು ಕಾಡುಕೋಳಿ ಮೆಲ್ಲಮೆಲ್ಲನೆ ಮನೆಯದಾಯಿತೆಂಬುದು ಆ ವಿದ್ವಾಂಸರ ಊಹೆ. ಮನುಷ್ಯನು ಕಾಡಿಗೆ ಹೋಗಿ ಕೋಳಿಯನ್ನು ಹಿಡಿದು ತಂದನೆನ್ನುವುದಕ್ಕಿಂತ, ಕೋಳಿಯೇ ಕಾಳನ್ನರಸಿ ಬಂದಿತೆನ್ನುವುದು ಹೆಚ್ಚು ಸರಿಯಾಗಬಹುದು. ಈ ವಂಶದಲ್ಲಿ ನಮ್ಮ ಪಾಲೂ ಇದೆ. ಅನೇಕ ಸಾಕುಕೋಳಿಗಳ ಚರ್ಮದ ಹಳದಿ ಬಣ್ಣ ಬಂದಿರುವುದು ನಮ್ಮ ಸಹ್ಯಾದ್ರಿಯಲ್ಲಿಯೂ ಕೂಗುವ ಬೂದು ಕಾಡುಕೋಳಿಯ ಕುಲದಿಂದ.

ಗೂಡನ್ನು ಹೇಗೆ ಕಟ್ಟಬೇಕೆಂದು ಬರೆದಿಟ್ಟವರಲ್ಲಿ ರೋಮನರು ಪ್ರಸಿದ್ಧರು. ಕ್ರಿಸ್ತಪೂರ್ವದ ವಾರ್ರೋ, ಕ್ರಿಸ್ತಶಕದ ಮೊದಲ ಶತಮಾನದ ಕೊಲುಮೆಲ್ಲಾ, ಇಬ್ಬರೂ ತಮ್ಮ ಕೃಷಿಗ್ರಂಥಗಳಲ್ಲಿ ಕೋಳಿಮನೆಗೆ ಜಾಗ ಕೊಟ್ಟಿದ್ದಾರೆ. ಗೂಡು ಮೂಡಲಿಗೆ ಮುಖ ಮಾಡಿರಬೇಕು. ಅಡುಗೆಮನೆಯ ಹೊಗೆ ಸೋಕುವಷ್ಟು ಹತ್ತಿರವಿರಬೇಕು, ಹೊಗೆ ಕೋಳಿಗೆ ಹಿತ. ಕೂರುವ ಕೋಲು ಉರುಟಾಗಿರದೆ ಚೌಕವಾಗಿರಬೇಕು, ಇಲ್ಲವಾದರೆ ಕಾಲು ಜಾರುತ್ತದೆ. ಇವನ್ನು ಓದಿದಾಗ ನನಗೆ ನಮ್ಮವ್ವನ ಮಾತು ಕೇಳಿದಂತಾಯಿತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ.

ನಮ್ಮಲ್ಲಿ ಈ ವಿದ್ಯೆ ಗ್ರಂಥಸ್ಥವಾಗದೆ ಹೆಂಗಸರ ಕೈಯಲ್ಲಿಯೇ ಉಳಿದುದಕ್ಕೆ ಒಂದು ಕಾರಣವನ್ನು ನಾನು ಊಹಿಸುತ್ತೇನೆ. ಊರಿನ ಕೋಳಿ ಅಭಕ್ಷ್ಯವೆಂಬುದನ್ನು ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಸರ್ವವಿದಿತವಾದ ನಿಯಮವೆಂಬಂತೆ ಉದಾಹರಿಸುತ್ತಾನೆ. ಊರಿನದು ಬೇಡವೆಂದರೆ ಕಾಡಿನದು ಆಗಬಹುದೆಂದು ತಿಳಿಯುತ್ತದೆ ಎಂಬುದು ಅವನ ತರ್ಕ. ಮನುಸ್ಮೃತಿಯ ನಿಷೇಧವೂ ಇದೆ. ಹೀಗೆ ಬರೆಯಬಲ್ಲವರ ಮನೆಗಳಲ್ಲಿ ಬಹುಮಟ್ಟಿಗೆ ಕೋಳಿ ಇರಲಿಲ್ಲ. ಕೋಳಿ ಇದ್ದ ಮನೆಗಳಲ್ಲಿ ಬರೆಯಬಲ್ಲವರು ಇರಲಿಲ್ಲ. ಗೂಡಿರುವ ಕೇರಿ, ಗೂಡಿಲ್ಲದ ಕೇರಿ ಎಂದು ಊರೇ ಎರಡಾಯಿತು.

ಆದರೂ ಕನ್ನಡದ ಕವಿಗಳು ಕೋಳಿಯನ್ನು ಮರೆಯಲಿಲ್ಲ. ಕುಟುಕು ಕಂಡರೆ ತನ್ನವರನ್ನೆಲ್ಲ ಕರೆಯುವ ಕೋಳಿಯನ್ನು ಬಸವಣ್ಣನವರು ಭಕ್ತರ ಎದುರಿಗೆ ಮಾದರಿಯಾಗಿ ನಿಲ್ಲಿಸಿದರು. ಜನ್ನನ 1209ರ ‘ಯಶೋಧರ ಚರಿತೆ’ಯಂತೂ ಹಿಟ್ಟಿನ ಕೋಳಿಯೊಂದರ ಮೇಲೆಯೇ ನಿಂತಿದೆ. ಜೀವವನ್ನು ಕೊಲ್ಲಲೊಲ್ಲದ ಅರಸ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಕೊಂದದ್ದು ಹಿಟ್ಟನ್ನು, ಆದರೆ ಸಂಕಲ್ಪ ಕೊಲೆಯದು. ಆ ಪಾಪಕ್ಕಾಗಿ ತಾಯಿಯೂ ಮಗನೂ ಹಲವು ಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳೇ ಆಗಿ ಹುಟ್ಟಿ, ಯಶೋಧರನ ಮಗನ ಬಾಣದಿಂದಲೇ ಸಾಯುತ್ತಾರೆ. ಈ ಕಾವ್ಯವನ್ನು ನಾನು ತರಗತಿಯಲ್ಲಿ ಬಹಳ ವರ್ಷ ಪಾಠ ಹೇಳಿದೆ. ಪ್ರತಿಸಲವೂ ನನ್ನ ಮನಸ್ಸು ನಮ್ಮ ಹಿತ್ತಲಿಗೆ ಹೋಗಿ ಬರುತ್ತಿತ್ತು.

ನಮ್ಮ ಗೂಡು ಅಡುಗೆಮನೆಯ ಹೊರಗೋಡೆಗೆ ಒತ್ತಿದಂತೆ ಕಲ್ಲುಮಣ್ಣಿನಿಂದ ಕಟ್ಟಿದ್ದು. ನೆಲದಿಂದ ಮೊಳದೆತ್ತರ, ಕೈ ಹೋಗುವಷ್ಟು ಬಾಗಿಲು, ಅದಕ್ಕೊಂದು ಹಲಗೆ, ಹಲಗೆಗೆ ಒತ್ತಾಗಿ ಒಂದು ಗುಂಡುಕಲ್ಲು. ಬೆಳಿಗ್ಗೆ ಅವ್ವ ಗೊಬ್ಬರ ಬಳಿದು ತಿಪ್ಪೆಗೆ ಹಾಕುವಳು. ಕೋಳಿಗೊಬ್ಬರ ಉಷ್ಣ, ಕೊಳೆಯದೆ ಗಿಡಕ್ಕೆ ಹಾಕಬಾರದೆನ್ನುವಳು. ಹೇನಿಗೆ ಒಲೆಯ ಬೂದಿ ಎರಚುವಳು. ಕಾವಿಗೆ ಬಂದ ಹೇಂಟೆಯನ್ನು ಹುಲ್ಲು ಹಾಸಿದ ಮಂಕರಿಯಲ್ಲಿ ಕೂರಿಸಿ, ಇಪ್ಪತ್ತೊಂದು ದಿನ ಲೆಕ್ಕ ಹಿಡಿಯುವಳು. ಮೊಟ್ಟೆಯ ಕಾಸು ಅವಳದೇ. ಹೊಲದ ಫಸಲಿನ ಹಣ ಅಪ್ಪನ ಕೈಗೆ ಹೋಗುತ್ತಿತ್ತು. ಗೂಡಿನ ಹಣವನ್ನು ಯಾರೂ ಕೇಳುತ್ತಿರಲಿಲ್ಲ. ಕೋಳಿಯಿಲ್ಲದವರಿಗೆ ಇದ್ದವರು ಒಂದು ಹೇಂಟೆಯನ್ನು ಪಾಲಿಗೆ ಕೊಡುತ್ತಿದ್ದರು. ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಸಾಕಿದವರಿಗೆ. ಪತ್ರವಿಲ್ಲ, ಸಾಕ್ಷಿಯಿಲ್ಲ.

ಈ ಸಣ್ಣ ವ್ಯವಸ್ಥೆಗೆ ದೊಡ್ಡ ಶತ್ರು ಕಾಡುಬೆಕ್ಕೂ ಅಲ್ಲ, ಹದ್ದೂ ಅಲ್ಲ, ಕೊಕ್ಕರೆ ರೋಗ. 1927ರಲ್ಲಿ ಕುಮಾವೂನಿನ ರಾಣಿಖೇತದಲ್ಲಿ ಕಾಣಿಸಿಕೊಂಡು ಆ ಊರಿನ ಹೆಸರನ್ನೇ ಪಡೆದ ಈ ಬೇನೆ ಬಂದಿತೆಂದರೆ ಗೂಡಿಗೆ ಗೂಡೇ ಬರಿದು. 1940ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಲಸಿಕೆ ಸಿದ್ಧವಾಯಿತು. ಹಳ್ಳಿಯ ಹಿತ್ತಲಿಗೆ ಅದು ತಲಪಲು ಬಹಳ ಕಾಲ ಹಿಡಿಯಿತು. ಮುಂದೆ ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಿಗೆಂದೇ ಗಿರಿರಾಜ ಕೋಳಿಯನ್ನು ರೂಪಿಸಿದರು. ನಾಟಿಕೋಳಿಯಂತೆಯೇ ಬಣ್ಣದ ಗರಿ, ಆದರೆ ಹೆಚ್ಚು ತೂಕ, ಹೆಚ್ಚು ಮೊಟ್ಟೆ. ಅದು ಒಳ್ಳೆಯ ಕೆಲಸವೇ. ಆದರೆ ಅದರ ಮರಿಯನ್ನು ಹೊರಗಿನಿಂದ ತರಬೇಕು. ಕಾವು ಕೂರಿಸಿ ತನ್ನ ಗೂಡನ್ನು ತಾನೇ ತುಂಬಿಕೊಳ್ಳುವ ನಮ್ಮವ್ವನ ಸ್ವಾತಂತ್ರ್ಯ ಅದರಲ್ಲಿಲ್ಲ.

ಸಂಜೆ ಹಲಗೆಯಿಟ್ಟು ಕಲ್ಲು ಒರಗಿಸುವುದು ನನ್ನ ಪಾಲಿನ ಕೆಲಸ. ‘ಗೂಡಿನ ಬಾಗ್ಲು ಹಾಕಿದ್ಯೇನ್ಲಾ ಮಗಾ?’ ಎಂದು ಅವ್ವ ದಿನವೂ ಕೇಳುವಳು. 1974ರ ಚಳಿಗಾಲದ ಒಂದು ಸಂಜೆ, ಪುಸ್ತಕದಿಂದ ತಲೆಯೆತ್ತದೆ ‘ಹೂಂ’ ಎಂದೆ. ಹಾಕಿರಲಿಲ್ಲ. ಬೆಳಿಗ್ಗೆ ಗೂಡಿನ ಮುಂದೆ ಗರಿಗಳು ಮಾತ್ರ ಇದ್ದವು. ಒಳಗೆ ಮಂಕರಿಯಲ್ಲಿ ಕಾವು ಕುಳಿತಿದ್ದ ಒಂದು ಹೇಂಟೆ ಉಳಿದಿತ್ತು. ಅವನ್ನು ಮಾರಿ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹಣ ಕಟ್ಟಬೇಕೆಂದು ಅವ್ವ ಇಟ್ಟುಕೊಂಡಿದ್ದಳೆಂಬುದು ನನಗೆ ಅಂದು ತಿಳಿಯಿತು. ಅವಳು ಬೈಯಲಿಲ್ಲ. ಪಕ್ಕದ ಮನೆಯ ಅಜ್ಜಿಯಿಂದ ಸಾಲ ತಂದು ಹಣ ಕಟ್ಟಿದಳು. ಆ ಸಾಲವನ್ನು ಉಳಿದ ಹೇಂಟೆಯ ಮರಿಗಳಿಂದಲೇ ತೀರಿಸಿದಳು.

ಯಶೋಧರನಿಗೆ ಸಂಕಲ್ಪವಿತ್ತು, ಕೊಲೆಯಿರಲಿಲ್ಲ. ನನಗೆ ಸಂಕಲ್ಪವಿರಲಿಲ್ಲ, ಒಂದು ಸುಳ್ಳು ‘ಹೂಂ’ ಇತ್ತು. ಮುಂದೆ ನಾನು ಓದಿ ಪಡೆದ ಪದವಿಗಳಿಗೆ ಮೊದಲ ಮೆಟ್ಟಿಲಾದ ಆ ಪರೀಕ್ಷೆಯ ಶುಲ್ಕ ಕೋಳಿಮರಿಗಳ ಋಣ. ವಸತಿಗೃಹದಲ್ಲಿ ಸಹಪಾಠಿಗಳು ಮನೆಯ ವಿಚಾರ ಕೇಳಿದಾಗ ಹೊಲವನ್ನು ಹೇಳಿದೆ, ಎತ್ತುಗಳನ್ನು ಹೇಳಿದೆ, ಗೂಡಿನ ಮಾತೆತ್ತಲಿಲ್ಲ. ಚರಿತ್ರಕಾರರು ಕೋಳಿಯನ್ನು ಬಿಟ್ಟರೆಂದು ದೂರಿದೆನಲ್ಲ, ಬಿಟ್ಟವರಲ್ಲಿ ನಾನೂ ಒಬ್ಬ. ಅವ್ವ ಈಗ ಇಲ್ಲ. ಇಂದು ಈ ಮಾತುಗಳಲ್ಲಿ ಅವಳ ಗೂಡನ್ನು ಲೆಕ್ಕಕ್ಕೆ ಸೇರಿಸಿದ್ದೇನೆ.