ಶರತ್ಕಾಲದ ಮಸ್ಕಿ ಮೀನು ಬೇಟೆ: ನಿಧಾನವೇ ಪ್ರಧಾನ
ಉತ್ತರ ಅಮೆರಿಕದ ಸಿಹಿನೀರಿನ ದೈತ್ಯ ಬೇಟೆಮೀನು ಮಸ್ಕಿ, 1955ರಿಂದ ವಿಸ್ಕಾನ್ಸಿನ್ ರಾಜ್ಯದ ಅಧಿಕೃತ ಮೀನು. ಶರತ್ಕಾಲದಲ್ಲಿ ಸರೋವರದ ಮೇಲ್ಪದರ ತಣ್ಣಗಾಗಿ ಕೆಳಗಿಳಿಯುತ್ತದೆ. ನೀರೆಲ್ಲ ಕಲಸಿ ಒಂದೇ ತಾಪಮಾನಕ್ಕೆ ಬರುತ್ತದೆ. ಆ ಕೆಲವು ದಿನ ಮೀನು ಚದುರಿರುವುದರಿಂದ ಗಾಳಗಾರನಿಗೆ ದಕ್ಕುವುದು ಹೆಚ್ಚಾಗಿ ನಿರಾಸೆಯೇ.

ಬಳಿಕ ವಿಧಾನ ಬದಲಾಗಬೇಕು. ಬೇಸಿಗೆಯ ವೇಗ ಬಿಟ್ಟು, ದೊಡ್ಡ ಕೃತಕ ಎರೆಯನ್ನು ಆಳದ ಅಂಚಿನಲ್ಲಿ ನಿಧಾನವಾಗಿ ಎಳೆಯಬೇಕು. ಸಿಸ್ಕೋ ಮೀನುಗಳು ಮೊಟ್ಟೆಯಿಡಲು ಬರುವ ಕಲ್ಲುದಿಬ್ಬಗಳ ಬಳಿ ಮಸ್ಕಿ ಹೊಂಚು ಹಾಕುತ್ತದೆ.

ಜೀವಂತ ಸಕ್ಕರ್ ಮೀನನ್ನು ಎರೆಯಾಗಿಸುವವರಿಗೆ ಎಚ್ಚರ ಅಗತ್ಯ. ಹಿಂದೆ ಮಸ್ಕಿ ಎರೆಯನ್ನು ನುಂಗುವವರೆಗೂ ಕಾಯುತ್ತಿದ್ದರು. ಕೊಕ್ಕೆ ಹೊಟ್ಟೆಗಿಳಿದ ಮೀನನ್ನು ನೀರಿಗೆ ಮರಳಿ ಬಿಟ್ಟರೂ ಅದು ಬದುಕುವುದು ಅಪರೂಪ. ಎರೆಯ ಮೈಗೆ ಕೊಕ್ಕೆಗಳನ್ನು ಜೋಡಿಸಿ, ಕಚ್ಚಿದೊಡನೆ ದಾರ ಸೆಳೆದರೆ ಅವು ಸಾಮಾನ್ಯವಾಗಿ ಬಾಯಲ್ಲೇ ನಾಟುತ್ತವೆ.