ನಮ್ಮ ಮಾತು ಅಣಕಿಸಿದ್ರ ಅವಮಾನನಾ?

ನಮ್ಮೂರ ಮಾತು, ನಮ್ಮೂರ ಹಿಸ್ಟರಿ: ಭಾಗ 7

ಇಂಥ ರೀಲ್ ನೀವೂ ನೋಡಿರ್ತೀರಿ. ತಲಿಗೆ ಟವೆಲ್ ಸುತ್ತಿಕೊಂಡ ಒಬ್ಬ, ಮಾತು ಮಾತಿಗೂ 'ಐತ್ರಿ', 'ಲೇ ಮಗನ' ಅಂತ ಒದರ್ತಾನ. ಕೆಳಗ 'ಉತ್ತರ ಕರ್ನಾಟಕ' ಅಂತ ಹೆಸರು. ಆದ್ರ ಯಾದಗಿರಿ, ಶಹಾಪುರ ಕಡೆ ನಾವು ಹೆಚ್ಚಾಗಿ ಅನ್ನೋದು 'ಅದ'. ಅವನಿಗೆ ಬೀದರ್‌ನಿಂದ ಧಾರವಾಡದ ತನಕ ಎಲ್ಲಾ ಒಂದೇ. ಹಂಗಾದ್ರ ಮಾತು ಅಣಕಿಸಿ ನಗಿಸೋದೇ ಅವಮಾನನಾ?

ಮೊದಲು 'ಶುದ್ಧ ಕನ್ನಡ' ಯಾವುದು ಅಂತ ಕೇಳೋಣ. 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಅಂತ ಹೆಸರಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಆಗಿನ ರಾಷ್ಟ್ರಕೂಟರ ರಾಜಧಾನಿ ಮಳಖೇಡ, ನಮ್ಮ ಪಕ್ಕದ ಸೇಡಂ ತಾಲೂಕಿನಾಗ ಅದ. ಬೆಂಗಳೂರು, ಮೈಸೂರು ಆ ಪಟ್ಟಿಯಲ್ಲೇ ಇಲ್ಲ!

ಗದ್ದುಗೆ ಸರಿದಂಗ ಅಳತೆಗೋಲೂ ಸರೀತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿತ್ತು. ಸಂಸ್ಥಾನ ನಿಜಾಮನ ಪಾಲಾಯಿತು. ಮುಂದೆ ಕಚೇರಿ ಉರ್ದುವಿನಲ್ಲಿ ನಡೀತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ನಮ್ಮ 'ದವಾಖಾನಿ', 'ಜಲ್ದಿ' ಇವೆಲ್ಲ ಬಹಮನಿ, ಆದಿಲ್‌ಶಾಹಿ, ನಿಜಾಮರ ಆಳ್ವಿಕೆ ಬಿಟ್ಟುಹೋದ ಗುರುತು. 'ಅರ್ಜಿ', 'ಜಮೀನು', 'ತಹಸೀಲ್ದಾರ್' ಕೂಡ ಪರ್ಷಿಯನ್, ಅರೇಬಿಕ್ ಕಡೆಯಿಂದ ಬಂದವೇ. ಅವನ್ನ ಇಡೀ ಕರ್ನಾಟಕ ಬಳಸ್ತದ, ಯಾರೂ ನಗಲ್ಲ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದಾಗ, ಪಠ್ಯಪುಸ್ತಕದ ಕನ್ನಡ ಹೆಚ್ಚಾಗಿ ಹಳೇ ಮೈಸೂರಿನ ಧಾಟಿಯದಾಯಿತು. ಸಿನಿಮಾದಾಗೂ ಹೀರೋಗೆ ಆ ಕನ್ನಡ, ಕಾಮಿಡಿಯವನಿಗೆ ನಮ್ಮ ಕನ್ನಡ ಅನ್ನೋ ಹಂಚಿಕೆ ಬಹಳ ಕಡೆ ಕಾಣ್ತದ.

ಹಂಗಂತ ಎಲ್ಲಾ ಅನುಕರಣೆನೂ ತಪ್ಪಲ್ಲ. ಟಿ.ಪಿ. ಕೈಲಾಸಂ ಬೆಂಗಳೂರು–ಮೈಸೂರಿನ ಇಂಗ್ಲಿಷ್ ಬೆರಕೆ ಕನ್ನಡವನ್ನೇ ನಾಟಕಕ್ಕೆ ತಂದು, ತಮ್ಮ ಮಂದಿಯ ಬಿಂಕಕ್ಕೇ ನಕ್ಕರು. ಗಂಗಾವತಿ ಪ್ರಾಣೇಶ್ ನಮ್ಮ ಕಡೆ ಮಾತಿನ್ಯಾಗ ನಗಿಸ್ತಾರ. ಮೊದಲು ಬಿದ್ದು ಬಿದ್ದು ನಗೋರು ನಾವೇ. ಯಾಕಂದ್ರ ಅವರಿಗೆ ಆ ಮಾತಿನ ಒಳಗೂ ಹೊರಗೂ ಗೊತ್ತು. ನಾವೂ 'ಏನ್ ಗುರು', 'ಎಂತ ಮಾರಾಯ' ಅಂತ ಅಣಕಿಸ್ತೀವಲ್ಲ? ಖರೆ. ಆದ್ರ 'ಏನ್ ಗುರು' ಅಂದವನಿಗೆ ಇಂಟರ್‌ವ್ಯೂದಾಗ 'ಕನ್ನಡ ಸರಿಯಾಗಿ ಬರಲ್ವಾ?' ಅಂತ ಯಾರೂ ಕೇಳಲ್ಲ. ತೂಕ ಎರಡೂ ಕಡೆ ಒಂದೇ ಇಲ್ಲ.

ಅದಕ್ಕ ನನ್ನ ಪರೀಕ್ಷೆ ಇಷ್ಟೇ. ಆ ಜೋಕ್ ಸುರಪುರದ ಕಟ್ಟಿ ಮ್ಯಾಲ ಕೂತು, ಆ ಮಾತಾಡೋರ ಮುಂದೇನೇ ಹೇಳ್ತೀರಾ? ಅವರೂ ನಗ್ತಾರಾ? ಹಂಗಿದ್ರ ಹೇಳ್ರಿ. ನಕ್ಕ ಮೇಲೆ ಒಬ್ಬ ಹುಡುಗಿ ಕ್ಲಾಸಿನ್ಯಾಗ ಡೌಟ್ ಕೇಳೋದೇ ಬಿಟ್ಲು ಅಂದ್ರ, ಅದು ಜೋಕ್ ಅಲ್ಲ. 2012ರ ತಿದ್ದುಪಡಿಯಿಂದ ಬಂದ 371(ಜೆ) ನಮಗೆ ಸೀಟು ಕೊಡ್ತದ. ಅಲ್ಲಿ ಬಾಯಿ ಬಿಡೋ ಧೈರ್ಯ ಕೊಡಬೇಕಾದೋರು ಪಕ್ಕದ ಬೆಂಚಿನವರು.

ನಿಮ್ಮೂರಾಗ 'ಅದ' ಅಂತಾರೋ, 'ಐತಿ' ಅಂತಾರೋ? ಊರ ಹೆಸರು ಸಮೇತ ಬರೀರಿ.

#ಯಾದಗಿರಿ #ಶಹಾಪುರ #ಸುರಪುರ #ನಮ್ಮಮಾತು